ಸ್ನಾಯುವಿನ ಸಂಕೇತದಿಂದ ನಡೆಯುವ ಕೃತಕ ಕೈ

ಯಾದಗಿರಿ ತಾಲ್ಲೂಕಿನ ಹತ್ತಿಕುಣಿ ಸುತ್ತಮುತ್ತ ತೊಗರಿ ಒಣಗಿ ಕಟಾವಿಗೆ ಬಂದಿತೆಂದರೆ ರಾಶಿಯ ಕಾಲ ಆರಂಭವಾಗುತ್ತದೆ. ಹಿಂದೆ ಕಣ ಮಾಡಿ, ಬಡಿದು, ತೂರಿ ಮುಗಿಸಲು ಹಲವು ದಿನ ಹಿಡಿಯುತ್ತಿದ್ದ ಕೆಲಸವನ್ನು ಇಂದು ರಾಶಿ ಯಂತ್ರ ಕೆಲವೇ ಗಂಟೆಗಳಲ್ಲಿ ಮಾಡಿ ಮುಗಿಸುತ್ತದೆ. ಶಹಾಪುರ, ಸುರಪುರ ಭಾಗದ ನೀರಾವರಿ ಗದ್ದೆಗಳಿಗೆ ಭತ್ತ ಕೊಯ್ಯುವ ಯಂತ್ರಗಳು ಬಂದಿವೆ. ದನಕರು ಹೆಚ್ಚಾಗಿರುವ ಮನೆಗಳಲ್ಲಿ ವಿದ್ಯುತ್ತಿನಿಂದ ಓಡುವ ಮೇವು ಕತ್ತರಿಸುವ ಯಂತ್ರವಿದೆ. ಇವುಗಳಿಂದ ದುಡಿಮೆ ಹಗುರವಾಗಿದೆ ಎಂಬುದು ನಿಜ. ಆದರೆ ಪೈರು ನೂಕುವ ಕೈ ಒಂದು ಗೇಣು ಮುಂದೆ ಹೋದರೆ ಆಗುವ ಅನಾಹುತವೂ ಅಷ್ಟೇ ನಿಜ.

ಹೀಗೆ ಕೈ ಕಳೆದುಕೊಂಡವರ ಮನೆಗೆ ಗಾಯ ಮಾಗುವ ಮೊದಲೇ ಒಂದು ಸುದ್ದಿ ಬರುತ್ತದೆ: ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ಬೆರಳು ಮಡಚುವ ವಿದ್ಯುತ್ ಕೈ ಬಂದಿದೆಯಂತೆ. ಮೊಬೈಲ್ ಫೋನಿನಲ್ಲಿ ಅದರ ಚಿತ್ರವನ್ನೂ ಯಾರೋ ತೋರಿಸುತ್ತಾರೆ. ಆ ಕೈಯಿಂದ ಒಬ್ಬರು ಲೋಟ ಎತ್ತುತ್ತಾರೆ, ಇನ್ನೊಬ್ಬರು ಅಕ್ಷರ ಬರೆಯುತ್ತಾರೆ. ಒಂದು ಎಕರೆ ಹೊಲ ಮಾರಿಯಾದರೂ ಅದನ್ನು ತರೋಣವೆಂದು ಮನೆಯವರು ಯೋಚಿಸುತ್ತಾರೆ. ಅಂಥ ನಿರ್ಧಾರ ಕೈಗೊಳ್ಳುವ ಮುನ್ನ ಈ ಕೈ ನಡೆಯುವ ಬಗೆ, ಹೊಲಮನೆಯಲ್ಲಿ ಅದು ಮಾಡಬಲ್ಲ ಮತ್ತು ಮಾಡಲಾರದ ಕೆಲಸ, ಅದಕ್ಕಿಂತ ಸರಳವಾದ ಬೇರೆ ಸಾಧನಗಳು ಇವುಗಳನ್ನು ತಿಳಿದಿರುವುದು ಅಗತ್ಯ.

ಹಸ್ತ ಹೋದರೂ ಉಳಿಯುವ ಶಕ್ತಿ

ಎಡಗೈಯಿಂದ ಬಲ ಮುಂಗೈಯನ್ನು, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ಬಿಗಿಯಾಗಿ ಹಿಡಿದುಕೊಳ್ಳಿ. ಈಗ ಬಲಗೈಯ ಮುಷ್ಟಿಯನ್ನು ಕಟ್ಟಿ ಬಿಡಿಸಿ. ಹಿಡಿದ ಜಾಗದಲ್ಲಿ ಮಾಂಸಖಂಡ ಉಬ್ಬಿ ಇಳಿಯುವುದು ತಿಳಿಯುತ್ತದೆ. ಮುಷ್ಟಿ ಕಟ್ಟುವಾಗ ಮುಂಗೈಯ ಒಳಮಗ್ಗುಲು ಬಿಗಿಯುತ್ತದೆ. ಬೆರಳುಗಳನ್ನು ಚಾಚಿ ಮಣಿಕಟ್ಟನ್ನು ಹಿಂದಕ್ಕೆ ಎತ್ತಿದಾಗ ಹೊರಮಗ್ಗುಲು ಬಿಗಿಯುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಬೆರಳುಗಳನ್ನು ಬಲವಾಗಿ ಎಳೆಯುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ನಾರಿನ ಎಳೆಗಳು ಮಣಿಕಟ್ಟನ್ನು ದಾಟಿ ಬೆರಳುಗಳನ್ನು ಎಳೆಯುತ್ತವೆ. ಆದ್ದರಿಂದ ಯಂತ್ರಕ್ಕೆ ಸಿಕ್ಕಿ ಹಸ್ತ ಹೋದರೂ, ಮುಂಗೈ ಸಾಕಷ್ಟು ಉಳಿದಿದ್ದರೆ, ಆ ಹಸ್ತವನ್ನು ಆಡಿಸುತ್ತಿದ್ದ ಸ್ನಾಯುಗಳು ಉಳಿದೇ ಇರುತ್ತವೆ. ಮಿದುಳಿನಿಂದ ಅವುಗಳಿಗೆ ಅಪ್ಪಣೆ ಬರುವುದೂ ನಿಲ್ಲುವುದಿಲ್ಲ. ಕೈ ಕಳೆದುಕೊಂಡ ಅನೇಕರಿಗೆ ಇಲ್ಲದ ಬೆರಳುಗಳು ಇನ್ನೂ ಇದ್ದಂತೆ, ಕೆಲವೊಮ್ಮೆ ನೋಯುತ್ತಿರುವಂತೆ ಅನಿಸುವುದುಂಟು. ಇದು ಭ್ರಮೆಯೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಮಿದುಳಿನಲ್ಲಿ ಆ ಕೈಯ ಲೆಕ್ಕ ಇನ್ನೂ ಅಳಿಯದಿರುವುದೇ ಇದಕ್ಕೆ ಕಾರಣ. ಇಂಥ ನೋವಿಗೆ ಚಿಕಿತ್ಸೆ ಇದೆ, ವೈದ್ಯರಿಗೆ ತಿಳಿಸಬೇಕು.

ಸ್ನಾಯು ಸಂಕೇತದ ಕೈ ಈ ಉಳಿದ ಶಕ್ತಿಯನ್ನೇ ಆಧಾರವಾಗಿಟ್ಟುಕೊಂಡಿದೆ. ಇಂಗ್ಲಿಷಿನಿಂದ ಬಂದ ಅದರ ಹೆಸರು ಮಯೋಎಲೆಕ್ಟ್ರಿಕ್ ಕೈ.

ಕೈ ಕೆಲಸ ಮಾಡುವ ಬಗೆ

ಸ್ನಾಯು ಬಿಗಿಯುವಾಗಲೆಲ್ಲ ಅದರಲ್ಲಿ ಅತಿ ಸಣ್ಣ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. ಬ್ಯಾಟರಿ ದೀಪದ ಒಂದು ಸೆಲ್‌ನಲ್ಲಿ 1.5 ವೋಲ್ಟ್ ಇರುತ್ತದೆ. ಚರ್ಮದ ಮೇಲೆ ದೊರೆಯುವ ಸ್ನಾಯುವಿನ ವಿದ್ಯುತ್ತು ಸಾಮಾನ್ಯವಾಗಿ ಒಂದು ವೋಲ್ಟಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ, ಹಲವು ಸಲ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಇಷ್ಟು ಸಣ್ಣ ವಿದ್ಯುತ್ತು ಮೋಟಾರನ್ನು ತಿರುಗಿಸಲಾರದು. ಆದರೆ ಅದನ್ನು ಅಪ್ಪಣೆಯಾಗಿ ಬಳಸಬಹುದು. ಕೊಳವೆ ಬಾವಿಯ ಸ್ಟಾರ್ಟರ್ ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಸಾಕು, ನೀರೆತ್ತುವ ಬಲ ಬೇರೆ ಕಡೆಯಿಂದ ಬರುತ್ತದೆ. ಇಲ್ಲಿಯೂ ಹಾಗೆಯೇ. ಸ್ನಾಯು ಗುಂಡಿ ಒತ್ತುತ್ತದೆ, ಬಲವನ್ನು ಬ್ಯಾಟರಿ ಕೊಡುತ್ತದೆ.

ಈ ಕೈಯಲ್ಲಿ ಐದು ಮುಖ್ಯ ಭಾಗಗಳಿವೆ.

1. ಸಾಕೆಟ್: ಇದು ಉಳಿದ ಮುಂಗೈಗೆ ತೊಡಿಸುವ ಗಟ್ಟಿಯಾದ ಒರೆ. ಪ್ರತಿಯೊಬ್ಬರ ಕೈಯ ಅಚ್ಚು ತೆಗೆದು ಬೇರೆಬೇರೆಯಾಗಿ ಮಾಡಬೇಕಾಗುತ್ತದೆ.

2. ಲೋಹದ ಬಿಲ್ಲೆಗಳು: ಇವು ಒರೆಯ ಒಳಮೈಯಲ್ಲಿ, ಸ್ನಾಯುವಿನ ನೇರಕ್ಕೆ, ಚರ್ಮಕ್ಕೆ ತಾಗುವಂತೆ ಇರುತ್ತವೆ. ಚುಚ್ಚುವುದಿಲ್ಲ, ಶಸ್ತ್ರಚಿಕಿತ್ಸೆಯೂ ಬೇಕಿಲ್ಲ.

3. ಸಂಕೇತವನ್ನು ಹಿಗ್ಗಿಸುವ ಮತ್ತು ಶುದ್ಧಿ ಮಾಡುವ ಸಣ್ಣ ವಿದ್ಯುನ್ಮಾನ ಭಾಗ: ಮನೆಯ ವಿದ್ಯುತ್ ತಂತಿ ಮತ್ತು ಪಂಪ್‌ಸೆಟ್ ಮೋಟಾರುಗಳಿಂದ ಹೊರಡುವ ಕಂಪನ ಸೆಕೆಂಡಿಗೆ 50 ಸಲದ್ದು. ಅದು ನಮ್ಮ ಮೈಗೂ ತಾಗುತ್ತಿರುತ್ತದೆ. ಸ್ನಾಯುವಿನ ಸಂಕೇತದ ಕಂಪನವೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿರುವುದರಿಂದ ಎರಡೂ ಕಲೆಯುವ ಸಂಭವವಿದೆ. ಇದನ್ನು ತಪ್ಪಿಸಲು ಪಕ್ಕಪಕ್ಕದ ಎರಡು ಬಿಲ್ಲೆಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಅಳೆಯುತ್ತಾರೆ. ಹೊರಗಿನ ಕಂಪನ ಎರಡಕ್ಕೂ ಒಂದೇ ಸಮನಾಗಿ ತಾಗುವುದರಿಂದ ಅದು ಕಳೆದುಹೋಗಿ ಸ್ನಾಯುವಿನದು ಉಳಿಯುತ್ತದೆ. ತೂರುವಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ ಇದು.

4. ಮೋಟಾರು ಮತ್ತು ಹಲ್ಲುಗಾಲಿಗಳು: ವೇಗವಾಗಿ ತಿರುಗುವ ಸಣ್ಣ ಮೋಟಾರಿನ ಓಟವನ್ನು ಹಲ್ಲುಗಾಲಿಗಳು ನಿಧಾನವಾದ, ಆದರೆ ಬಲವಾದ ಹಿಡಿತವಾಗಿ ಮಾರ್ಪಡಿಸುತ್ತವೆ. ಒಮ್ಮೆ ಹಿಡಿದ ವಸ್ತು ಮೋಟಾರು ನಿಂತರೂ ಜಾರದಂತೆ ಇವು ತಡೆದಿರುತ್ತವೆ.

5. ಬ್ಯಾಟರಿ: ಇದು ಮೊಬೈಲ್ ಫೋನಿನ ಬ್ಯಾಟರಿಯ ಜಾತಿಯದು. ದಿನವೂ ರಾತ್ರಿ ಚಾರ್ಜ್ ಮಾಡಬೇಕಾಗುತ್ತದೆ.

ಸಾಮಾನ್ಯ ಮಾದರಿಯಲ್ಲಿ ಎರಡು ಸ್ನಾಯುಗಳನ್ನು ಬಳಸುತ್ತಾರೆ. ಹೊರಮಗ್ಗುಲಿನ ಸ್ನಾಯುವನ್ನು ಬಿಗಿದರೆ ಕೈ ತೆರೆಯುತ್ತದೆ, ಒಳಮಗ್ಗುಲಿನದನ್ನು ಬಿಗಿದರೆ ಮುಚ್ಚುತ್ತದೆ, ಎರಡನ್ನೂ ಸಡಿಲಿಸಿದರೆ ಇದ್ದಲ್ಲೇ ನಿಲ್ಲುತ್ತದೆ. ಮೆಲ್ಲಗೆ ಬಿಗಿದರೆ ನಿಧಾನವಾಗಿ, ಜೋರಾಗಿ ಬಿಗಿದರೆ ವೇಗವಾಗಿ ಚಲಿಸುವ ಕೈಗಳೂ ಇವೆ. ಎರಡು ಸ್ನಾಯುಗಳನ್ನೂ ಒಮ್ಮೆಲೇ ಬಿಗಿದರೆ ಕೆಲವು ಕೈಗಳಲ್ಲಿ ಹಿಡಿತದ ರೀತಿ ಬದಲಾಗುತ್ತದೆ ಅಥವಾ ಮಣಿಕಟ್ಟು ತಿರುಗುತ್ತದೆ. ಮೊಣಕೈಯ ಮೇಲೆ ಕೈ ಕಳೆದುಕೊಂಡವರಲ್ಲಿ ತೋಳಿನ ಮುಂದಿನ ಮತ್ತು ಹಿಂದಿನ ಸ್ನಾಯುಗಳನ್ನು ಇದೇ ರೀತಿ ಬಳಸಲಾಗುತ್ತದೆ. ಆದರೆ ಅಂಥವರಿಗೆ ಮೊಣಕೈಯನ್ನೂ ಒದಗಿಸಬೇಕಾಗುವುದರಿಂದ ತೂಕ, ಖರ್ಚು ಮತ್ತು ಕಲಿಕೆ ಮೂರೂ ಹೆಚ್ಚಾಗುತ್ತವೆ.

ಬೆಳೆದು ಬಂದ ದಾರಿ

ಜರ್ಮನಿಯ ಮ್ಯೂನಿಕ್ ನಗರದ ರೈನ್‌ಹೋಲ್ಡ್ ರೈಟರ್ ಎಂಬುವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥ ಕೈಯೊಂದನ್ನು ರೂಪಿಸಿ 1948ರಲ್ಲಿ ಅದರ ವಿವರ ಪ್ರಕಟಿಸಿದರು. ಆಗ ಇದ್ದದ್ದು ಹಳೆಯ ವಾಲ್ವ್ ರೇಡಿಯೋಗಳ ಕಾಲದ ತಂತ್ರ. ಉಪಕರಣ ದೊಡ್ಡದಾಗಿದ್ದುದರಿಂದ ಕೆಲಸದ ಮೇಜಿನ ಬಳಿ ಕುಳಿತು ಬಳಸಬಹುದಾಗಿತ್ತೇ ಹೊರತು ತೊಟ್ಟುಕೊಂಡು ತಿರುಗಾಡುವಂತಿರಲಿಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋ ಜೇಬಿಗೆ ಇಳಿದಂತೆ ಈ ಉಪಕರಣವೂ ಕಿರಿದಾಯಿತು. 1960ರ ಸುಮಾರಿಗೆ ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ತೊಟ್ಟು ನಡೆಯಬಹುದಾದ ಕೈಯನ್ನು ಬಳಕೆಗೆ ತಂದರು. ಅದೇ ದಶಕದಲ್ಲಿ ಜರ್ಮನಿಯ ಆಟೋ ಬಾಕ್ ಕಂಪನಿ ಇವುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಈ ಕೈಗಳಲ್ಲಿ ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳು ಮಾತ್ರ ಇಕ್ಕಳದಂತೆ ಕೂಡುತ್ತಿದ್ದವು. ಐದು ಬೆರಳಿಗೂ ಬೇರೆಬೇರೆ ಮೋಟಾರು ಇರುವ ಕೈಯನ್ನು 2007ರಲ್ಲಿ ಸ್ಕಾಟ್ಲೆಂಡಿನ ಟಚ್ ಬಯಾನಿಕ್ಸ್ ಸಂಸ್ಥೆ ಮಾರಾಟಕ್ಕೆ ತಂದಿತು.

ಭಾರತದಲ್ಲಿಯೂ ಇವುಗಳ ತಯಾರಿಕೆ ಆರಂಭವಾಗಿದೆ. ಹೈದರಾಬಾದಿನ ಮೇಕರ್ಸ್ ಹೈವ್ ಸಂಸ್ಥೆಯ ಕಲ್‌ಆರ್ಮ್, ಮುಂಬಯಿಯ ರೋಬೋ ಬಯಾನಿಕ್ಸ್ ಸಂಸ್ಥೆಯ ಗ್ರಿಪ್ಪಿ ಇವುಗಳಿಗೆ ಉದಾಹರಣೆ. ವಿದೇಶಿ ಬಹುಬೆರಳಿನ ಕೈಗೆ ಹತ್ತಾರು ಲಕ್ಷ ರೂಪಾಯಿ ತೆರಬೇಕಾಗಿದ್ದರೆ, ದೇಶದಲ್ಲಿ ತಯಾರಾದವು ಅದಕ್ಕಿಂತ ಬಹಳ ಕಡಿಮೆ ಬೆಲೆಗೆ ದೊರೆಯುತ್ತವೆ. ಹಾಗೆಂದು ಸಣ್ಣ ಹಿಡುವಳಿದಾರನಿಗೆ ಅದು ಸಣ್ಣ ಮೊತ್ತವೇನಲ್ಲ.

ಹೊಲಮನೆಯಲ್ಲಿ ಇದರ ಉಪಯೋಗ

ಒಂದು ಕೈ ಚೆನ್ನಾಗಿದ್ದು ಇನ್ನೊಂದು ಕೈ ಹೋದವರಿಗೆ ಕೃತಕ ಕೈ ಯಾವಾಗಲೂ ಸಹಾಯಕ ಕೈಯೇ. ಇರುವ ಕೈ ಕೆಲಸ ಮಾಡುತ್ತದೆ, ಕೃತಕ ಕೈ ಹಿಡಿದುಕೊಂಡಿರುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟರೆ ಅದರಿಂದ ಏನು ನಿರೀಕ್ಷಿಸಬಹುದೆಂಬುದು ತಾನೇ ತಿಳಿಯುತ್ತದೆ.

ಚೀಲದ ಬಾಯಿ ಹಿಡಿದುಕೊಳ್ಳುವುದು, ಕಾಗದ ಒತ್ತಿ ಹಿಡಿದು ಸಹಿ ಮಾಡುವುದು, ಬಾಟಲಿ ಮುಚ್ಚಳ ತೆಗೆಯುವುದು, ತರಕಾರಿ ಹೆಚ್ಚುವಾಗ ಹಿಡಿಯುವುದು, ಅಂಗಡಿಯಲ್ಲಿ ತೂಕ ಮಾಡುವುದು, ಬಟ್ಟೆ ತೊಡುವುದು, ಊಟದ ತಟ್ಟೆ ಹಿಡಿಯುವುದು ಈ ಕೈಯಿಂದ ಸಾಧ್ಯ. ಮೊದಲಿನ ಮಾದರಿಯ ಗಟ್ಟಿ ಕೈಗಳು ಸುಮಾರು 10 ಕಿಲೋ ಭಾರದಷ್ಟು ಒತ್ತಡದಿಂದ ಹಿಡಿಯಬಲ್ಲವು. ಎರಡು ಕೈಗಳನ್ನೂ ಕಳೆದುಕೊಂಡವರಿಗಂತೂ ಇದರ ಬೆಲೆ ಇನ್ನೂ ಹೆಚ್ಚು. ತಾವೇ ಉಣ್ಣುವುದು, ಬಾಗಿಲು ತೆಗೆಯುವುದು ಇಂಥ ಕೆಲಸಗಳಲ್ಲಿ ಅವರು ಇನ್ನೊಬ್ಬರ ಹಂಗಿನಿಂದ ಬಿಡಿಸಿಕೊಳ್ಳಬಹುದು.

ಆದರೆ ಹೊಲದ ಕೆಲಸವೇ ಬೇರೆ. ಗುದ್ದಲಿಯ ಪೆಟ್ಟು, ಸಲಿಕೆಯ ಎಳೆತ, ಕುಂಟೆ ಹೊಡೆಯುವಾಗ ಮೇಣಿಯ ಒದೆತ ಇವೆಲ್ಲ ಸಣ್ಣ ಹಲ್ಲುಗಾಲಿಗಳನ್ನು ಮುರಿಯಬಲ್ಲವು. ಎರೆಮಣ್ಣಿನ ನುಣುಪು ಧೂಳು ಬೆರಳ ಸಂದಿಯಲ್ಲಿ ಸೇರುತ್ತದೆ. ಹೆಚ್ಚಿನ ವಿದ್ಯುತ್ ಕೈಗಳನ್ನು ನೀರಿನಲ್ಲಿ ಅದ್ದುವಂತಿಲ್ಲ. ಆದ್ದರಿಂದ ಭತ್ತದ ನಾಟಿ, ನೀರು ಹಾಯಿಸುವುದು, ದನ ತೊಳೆಯುವುದು, ಔಷಧಿ ಸಿಂಪಡಿಸುವುದು ಇವಕ್ಕೆ ಅದು ಸಲ್ಲದು. ಅರಳಿದ ಹತ್ತಿಯನ್ನು ಕಾಯಿಯಿಂದ ಬಿಡಿಸುವ ಚುರುಕು ಅದಕ್ಕಿಲ್ಲ. ಜೋಳದ ರೊಟ್ಟಿ ಬಡಿಯಲು ಬೇಕಾದ ಅಂಗೈಯ ಹದವೂ ಅದಕ್ಕಿಲ್ಲ. ಹಿಟ್ಟಿನ ಪಾತ್ರೆಯನ್ನು ಅಲುಗದಂತೆ ಹಿಡಿಯಬಲ್ಲದು ಅಷ್ಟೇ.

ಇನ್ನೊಂದು ಕೊರತೆ ಎಲ್ಲಕ್ಕಿಂತ ಮುಖ್ಯವಾದುದು. ಈ ಕೈಗೆ ಸ್ಪರ್ಶವಿಲ್ಲ. ಹಿಡಿದದ್ದು ಬಿಸಿಯೋ ತಣ್ಣಗೋ, ಬಿಗಿಯಾಯಿತೋ ಸಡಿಲವಾಯಿತೋ ಎಂಬುದನ್ನು ಕಣ್ಣಿನಿಂದಲೇ ನೋಡಿ ತಿಳಿಯಬೇಕು. ಹಿಡಿತದ ಒತ್ತಡವನ್ನು ಸಣ್ಣ ಕಂಪನದ ಮೂಲಕ ತಿಳಿಸುವ ಕೆಲವು ಮಾದರಿಗಳು ಈಚೆಗೆ ಬಂದಿವೆಯಾದರೂ ಅದು ನಿಜವಾದ ಸ್ಪರ್ಶಕ್ಕೆ ಸಮನಲ್ಲ. ಆದ್ದರಿಂದ ಕೃತಕ ಕೈ ತೊಟ್ಟು ರಾಶಿ ಯಂತ್ರಕ್ಕೆ ಪೈರು ನೂಕುವುದು, ಮೇವು ಯಂತ್ರದ ಬಳಿ ಕೆಲಸ ಮಾಡುವುದು ಎಂದಿಗೂ ಸಲ್ಲದು.

ಎಳೆತಂತಿಯ ಕೊಕ್ಕೆ

ವಿದ್ಯುತ್ ಕೈಯ ಪಕ್ಕದಲ್ಲಿಯೇ ಇನ್ನೊಂದು ಸಾಧನವನ್ನು ಇಟ್ಟು ನೋಡಬೇಕು. ಇದರಲ್ಲಿ ಬ್ಯಾಟರಿಯೂ ಇಲ್ಲ, ಮೋಟಾರೂ ಇಲ್ಲ. ಹೆಗಲಿಗೆ ಒಂದು ಪಟ್ಟಿ, ಅದರಿಂದ ಕೈಯ ತುದಿಗೆ ಸೈಕಲ್ ಬ್ರೇಕಿನಂಥ ಒಂದು ತಂತಿ, ತುದಿಯಲ್ಲಿ ಎರಡು ಎಸಳಿನ ಉಕ್ಕಿನ ಕೊಕ್ಕೆ ಇಷ್ಟೇ ಇದರ ಸಾಮಗ್ರಿ. ತೋಳನ್ನು ಮುಂದೆ ಚಾಚಿ ಹೆಗಲು ಸರಿಸಿದರೆ ತಂತಿ ಎಳೆದು ಕೊಕ್ಕೆ ತೆರೆಯುತ್ತದೆ. ಸಡಿಲಿಸಿದರೆ ರಬ್ಬರ್ ಪಟ್ಟಿಯ ಬಲದಿಂದ ಮುಚ್ಚುತ್ತದೆ. ಈ ಎರಡೆಸಳಿನ ಕೊಕ್ಕೆಗೆ 1912ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಡೇವಿಡ್ ಡೊರೆನ್ಸ್ ಸ್ವತಃ ಅಪಘಾತದಲ್ಲಿ ಕೈ ಕಳೆದುಕೊಂಡವರಾಗಿದ್ದರು. ತಮ್ಮ ದುಡಿಮೆಗೆ ಬೇಕಾದ ಸಾಧನವನ್ನು ಅವರೇ ಮಾಡಿಕೊಂಡರು. ನೂರು ವರ್ಷ ದಾಟಿದರೂ ಅದರ ಬಳಕೆ ನಿಂತಿಲ್ಲ.

ಕೊಕ್ಕೆ ನೋಡಲು ಕೈಯಂತಿಲ್ಲ. ಅದನ್ನು ತೊಟ್ಟು ಮದುವೆ ಮುಂಜಿಗೆ ಹೋಗಲು ಸಂಕೋಚಪಡುವವರಿದ್ದಾರೆ. ಆದರೆ ಅದು ಹಗುರ, ಧೂಳು ನೀರಿಗೆ ಅಂಜುವುದಿಲ್ಲ, ಎಸಳುಗಳ ತುದಿ ಕಣ್ಣಿಗೆ ಕಾಣುವುದರಿಂದ ಸಣ್ಣ ವಸ್ತುವನ್ನೂ ಹಿಡಿಯಬಹುದು. ಹೆಗಲಿಗೆ ತಾಗುವ ಎಳೆತದಿಂದ ಕೊಕ್ಕೆ ಎಷ್ಟು ತೆರೆದಿದೆ ಎಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ತಂತಿ ಕಡಿದರೆ ಪಟ್ಟಣದ ಕುಶಲ ಮೆಕ್ಯಾನಿಕ್ ಕೂಡ ಸರಿಪಡಿಸಬಲ್ಲ. ಮಣ್ಣಿನಲ್ಲಿ ದುಡಿಯುವವರಿಗೆ ಅನೇಕ ಸಂದರ್ಭಗಳಲ್ಲಿ ಇದೇ ಹೆಚ್ಚು ಅನುಕೂಲ. ಅನುಕೂಲವಿದ್ದವರು ಹೊಲಕ್ಕೆ ಕೊಕ್ಕೆ, ಮನೆ ಮತ್ತು ಪೇಟೆಯ ವ್ಯವಹಾರಕ್ಕೆ ವಿದ್ಯುತ್ ಕೈ ಎಂದು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಇದಲ್ಲದೆ ರೋಟರಿ ಕ್ಲಬ್ಬುಗಳು ಶಿಬಿರಗಳಲ್ಲಿ ಉಚಿತವಾಗಿ ಕೊಡುವ ಎಲ್‌ಎನ್-4 ಎಂಬ ಸರಳ ಪ್ಲಾಸ್ಟಿಕ್ ಕೈ ಇದೆ. ಮೊಣಕೈ ಕೆಳಗೆ ಸಾಕಷ್ಟು ಮುಂಗೈ ಉಳಿದವರಿಗೆ ಅದನ್ನು ತೊಡಿಸಬಹುದು.

ಯಾವುದನ್ನೇ ಕೊಂಡರೂ ಬಳಕೆ ಮುಖ್ಯ. ಹಿಂದಿನ 25 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಕೃತಕ ಕೈ ಪಡೆದ ವಯಸ್ಕರಲ್ಲಿ ಎಳೆತಂತಿಯ ಕೈಯನ್ನು ಸರಾಸರಿ ಶೇಕಡ 26 ಮಂದಿ, ವಿದ್ಯುತ್ ಕೈಯನ್ನು ಶೇಕಡ 23 ಮಂದಿ ಬಿಟ್ಟುಬಿಟ್ಟಿದ್ದರು. ಅಂದರೆ ಹೆಚ್ಚು ಬೆಲೆಯ ಕೈ ಎಂದ ಮಾತ್ರಕ್ಕೆ ಬಳಕೆ ಹೆಚ್ಚುವುದಿಲ್ಲ. ಹೆಚ್ಚು ತೂಕ, ಒರೆಯ ಒತ್ತುವಿಕೆ, ಬೆವರು, ದುರಸ್ತಿಯ ತೊಡಕು, ಕಲಿಕೆಯ ಕೊರತೆ ಇವು ಕೈಯನ್ನು ಮೂಲೆಗೆ ಸೇರಿಸುವ ಕಾರಣಗಳು.

ಅಪಘಾತವಾದ ದಿನದಿಂದಲೇ ಎಚ್ಚರ

ಮುಂದೆ ಯಾವ ಕೈ ತೊಡಬಹುದು ಎಂಬುದು ಬಹುಮಟ್ಟಿಗೆ ಮೊದಲ ಕೆಲವು ಗಂಟೆ ಮತ್ತು ಮೊದಲ ಕೆಲವು ವಾರಗಳಲ್ಲಿ ನಿರ್ಧಾರವಾಗುತ್ತದೆ.

ಅಪಘಾತವಾದ ಕೂಡಲೇ ಯಂತ್ರವನ್ನು ನಿಲ್ಲಿಸಿ, ಶುಭ್ರವಾದ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿ ಹಿಡಿದು, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿರಿಸಬೇಕು. ಅರಿಸಿನ, ಕಾಫಿಪುಡಿ, ಸೀಮೆಎಣ್ಣೆ, ಮಣ್ಣು ಇವನ್ನು ಹಚ್ಚಬಾರದು. 108ಕ್ಕೆ ಕರೆ ಮಾಡಬೇಕು. ತುಂಡಾದ ಭಾಗ ಸಿಕ್ಕಿದರೆ ಎಸೆಯಬಾರದು. ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಯಲ್ಲೇ ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ತಾಗಬಾರದು. ನಯವಾಗಿ ಕತ್ತರಿಸಿದ ಹಸ್ತವನ್ನು ಮತ್ತೆ ಜೋಡಿಸಲು ಸಾಧ್ಯವಾಗುವುದುಂಟು. ಅದಕ್ಕೆ ಸುಮಾರು 6 ಗಂಟೆಯೊಳಗೆ ಸೂಕ್ತ ಆಸ್ಪತ್ರೆ ಸೇರುವುದು ಒಳಿತು. ಅಂಥ ಸೌಲಭ್ಯ ಎಲ್ಲಿದೆ ಎಂದು ಮೊದಲು ತಲುಪಿದ ಆಸ್ಪತ್ರೆಯಲ್ಲೇ ಕೇಳಿ ತಿಳಿಯಬೇಕು. ಜಜ್ಜಿಹೋದ ಕೈಯನ್ನು ಜೋಡಿಸುವುದು ಹೆಚ್ಚಾಗಿ ಆಗದು.

ಕೈ ತೆಗೆಯಲೇಬೇಕಾದಾಗ, ಮುಂದೆ ಕೃತಕ ಕೈ ತೊಡುವ ಉದ್ದೇಶವಿದೆ ಎಂದು ಶಸ್ತ್ರವೈದ್ಯರಿಗೆ ಮೊದಲೇ ತಿಳಿಸಬೇಕು. ಉಳಿಸುವ ಉದ್ದ, ಸ್ನಾಯುಗಳನ್ನು ಕಟ್ಟುವ ರೀತಿ ಎರಡೂ ಮುಂದಿನ ಬಳಕೆಗೆ ಮುಖ್ಯ. ಗಾಯ ಮಾಗುತ್ತಿರುವಾಗ ವೈದ್ಯರ ಸಲಹೆಯಂತೆ ಹಿಗ್ಗುವ ಬಟ್ಟೆಯ ಪಟ್ಟಿ ಸುತ್ತಬೇಕು. ಇದರಿಂದ ಬಾವು ಇಳಿದು ಉಳಿದ ಕೈಗೆ ಒಳ್ಳೆಯ ಆಕಾರ ಬರುತ್ತದೆ. ಮೊಣಕೈ ಮತ್ತು ಹೆಗಲನ್ನು ದಿನವೂ ಆಡಿಸಬೇಕು. ಇಲ್ಲದ ಹಸ್ತವನ್ನು ತೆರೆದು ಮುಚ್ಚುವಂತೆ ಮನಸ್ಸಿನಲ್ಲೇ ಮಾಡುತ್ತಿದ್ದರೆ ಆ ಸ್ನಾಯುಗಳು ಸೊರಗುವುದಿಲ್ಲ.

ಅಮೆರಿಕದ ವೈದ್ಯರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ 30 ದಿನಗಳೊಳಗೆ ಕೃತಕ ಕೈ ತೊಡಿಸಿದವರು ತಡವಾಗಿ ಪಡೆದವರಿಗಿಂತ ಅದನ್ನು ಹೆಚ್ಚಾಗಿ ಬಳಸುತ್ತಿದ್ದುದು ಮತ್ತು ಹೆಚ್ಚು ಜನ ಕೆಲಸಕ್ಕೆ ಮರಳಿದ್ದುದು ಕಂಡುಬಂದಿತು. ತಿಂಗಳುಗಟ್ಟಲೆ ಕಳೆದರೆ ಮನುಷ್ಯ ಒಂದೇ ಕೈಯಲ್ಲಿ ಎಲ್ಲವನ್ನೂ ಮಾಡಲು ರೂಢಿಸಿಕೊಳ್ಳುತ್ತಾನೆ. ಆಮೇಲೆ ಬಂದ ಕೈ ಅವನಿಗೆ ಭಾರವೆನಿಸುತ್ತದೆ. ಆದ್ದರಿಂದ ಹಣ ಕೂಡಿಸಿ ದೊಡ್ಡ ವಿದ್ಯುತ್ ಕೈಯನ್ನೇ ತರುತ್ತೇವೆ ಎಂದು ವರ್ಷಗಟ್ಟಲೆ ಕಾಯುವುದಕ್ಕಿಂತ, ಬೇಗ ದೊರೆಯುವ ಸರಳ ಕೈಯಿಂದ ಆರಂಭಿಸುವುದು ಲೇಸು. ಅದರಿಂದ ವಿದ್ಯುತ್ ಕೈಯ ದಾರಿ ಮುಚ್ಚಿಹೋಗುವುದಿಲ್ಲ.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಉಳಿದ ಕೈಯಲ್ಲಿ ಎರಡು ಸ್ನಾಯುಗಳ ಸಂಕೇತ ಬೇರೆಬೇರೆಯಾಗಿ, ಸಾಕಷ್ಟು ಬಲವಾಗಿ ದೊರೆಯುತ್ತದೆಯೇ? ಇದನ್ನು ಉಪಕರಣವಿಟ್ಟು ಪರೀಕ್ಷಿಸಿ ತೋರಿಸುವಂತೆ ಕೇಳಬೇಕು. ಪರೀಕ್ಷೆಯಿಲ್ಲದೆ ಮುಂಗಡ ಕೊಡಬಾರದು.

2. ಒರೆಯನ್ನು ಯಾರು, ಎಲ್ಲಿ ಮಾಡುತ್ತಾರೆ? ಮೊದಲ ವರ್ಷ ಉಳಿದ ಕೈ ಸಣ್ಣಗಾಗುವುದರಿಂದ ಒರೆಯನ್ನು ಬದಲಿಸಬೇಕಾದೀತು. ಅದರ ಖರ್ಚು ಬೆಲೆಯಲ್ಲಿ ಸೇರಿದೆಯೇ?

3. ಕೈಯ ಮತ್ತು ಒರೆಯ ಒಟ್ಟು ತೂಕವೆಷ್ಟು? ಎಷ್ಟು ಭಾರ ಎತ್ತಬಹುದು?

4. ಧೂಳು, ಬೆವರು, ಮಳೆಯನ್ನು ಅದು ಎಷ್ಟರಮಟ್ಟಿಗೆ ತಡೆಯುತ್ತದೆ?

5. ಕೆಟ್ಟರೆ ಎಲ್ಲಿಗೆ ಒಯ್ಯಬೇಕು, ಎಷ್ಟು ದಿನ ಬೇಕು, ಆ ದಿನಗಳಲ್ಲಿ ಬದಲಿ ಕೈ ಕೊಡುತ್ತಾರೆಯೇ? ಖಾತರಿ ಎಷ್ಟು ವರ್ಷದ್ದು?

6. ಎರಡನೆಯ ಬ್ಯಾಟರಿ, ಮೇಲಿನ ಕೈಗವಸು ಇವುಗಳ ಬೆಲೆಯೆಷ್ಟು? ಕೈಗವಸು ಹರಿಯುವುದು ಸಾಮಾನ್ಯ.

7. ಬಳಸುವುದನ್ನು ಎಷ್ಟು ದಿನ ಕಲಿಸುತ್ತಾರೆ? ಕಲಿಸದೆ ಕೊಟ್ಟ ಕೈ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

8. ತಮ್ಮಂತೆಯೇ ಕೈ ಕಳೆದುಕೊಂಡು ಈ ಕೈಯನ್ನು ಒಂದು ವರ್ಷವಾದರೂ ಬಳಸಿದ ಒಬ್ಬರನ್ನು ಭೇಟಿ ಮಾಡಿಸುತ್ತಾರೆಯೇ?

ನೆರವು ಮತ್ತು ಕೇಂದ್ರಗಳು

ಮೊದಲು ಮಾಡಬೇಕಾದ ಕೆಲಸ ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಗುರುತಿನ ಚೀಟಿ ಪಡೆಯುವುದು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯಂತೆ ಅನೇಕ ಸೌಲಭ್ಯಗಳಿಗೆ ಶೇಕಡ 40ರಷ್ಟು ವೈಕಲ್ಯ ಇರಬೇಕು. ಹಸ್ತ ಪೂರ್ಣವಾಗಿ ಹೋದವರಲ್ಲಿ ಈ ಪ್ರಮಾಣ ಅದಕ್ಕಿಂತ ಹೆಚ್ಚೇ ಇರುತ್ತದೆ. ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಜಿಲ್ಲಾ ಮಟ್ಟದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯನ್ನು ಕಾಣಬೇಕು.

ಕೇಂದ್ರ ಸರ್ಕಾರ 1981ರಿಂದ ನಡೆಸುತ್ತಿರುವ ಅಡಿಪ್ ಯೋಜನೆಯಲ್ಲಿ ಆದಾಯದ ಮಿತಿಗೊಳಪಟ್ಟು ಸಾಧನಗಳನ್ನು ಉಚಿತವಾಗಿ ಅಥವಾ ರಿಯಾಯಿತಿ ದರದಲ್ಲಿ ಒದಗಿಸಲಾಗುತ್ತದೆ. ಇದಕ್ಕೆ ಬೇಕಾದ ಸಾಧನಗಳನ್ನು ತಯಾರಿಸುವ ಮುಖ್ಯ ಸಂಸ್ಥೆ ಕಾನ್ಪುರದ ಅಲಿಮ್ಕೊ. ಬೆಂಗಳೂರಿನಲ್ಲಿಯೂ ಅದರ ಒಂದು ಘಟಕವಿದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್, ಮುಂಬಯಿಯ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಇವು ಕೃತಕ ಅವಯವಗಳ ಕ್ಷೇತ್ರದಲ್ಲಿ ಹೆಸರಾದ ಕೇಂದ್ರಗಳು. ಯಾದಗಿರಿ ನಿಲ್ದಾಣದಿಂದ ಬೆಂಗಳೂರಿಗೂ ಮುಂಬಯಿಗೂ ನೇರ ರೈಲುಗಳಿವೆ. ಹೊರಡುವ ಮುನ್ನ ತಮಗೆ ಬೇಕಾದ ಕೈ ಅಲ್ಲಿ ದೊರೆಯುವುದೇ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೊಲದ ಕೆಲಸದಲ್ಲಿ ಅಪಘಾತವಾದವರಿಗೆ ಪರಿಹಾರ ದೊರೆಯುವುದೇ ಎಂಬುದನ್ನು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ಮತ್ತು ರೈತ ಸಂಪರ್ಕ ಕೇಂದ್ರದಲ್ಲಿ ತಡಮಾಡದೆ ಕೇಳಬೇಕು. ಆಸ್ಪತ್ರೆಯ ಕಾಗದಪತ್ರಗಳನ್ನು ಜೋಪಾನ ಮಾಡಬೇಕು.

ದಿನನಿತ್ಯದ ಪಾಲನೆ

ಉಳಿದ ಕೈಯನ್ನು ದಿನವೂ ರಾತ್ರಿ ಸೋಪು ನೀರಿನಿಂದ ತೊಳೆದು ಚೆನ್ನಾಗಿ ಒರೆಸಬೇಕು. ಕೆಂಪಾದ ಜಾಗ, ಗುಳ್ಳೆ, ಗಾಯ ಕಂಡರೆ ವಾಸಿಯಾಗುವವರೆಗೆ ಕೈ ತೊಡಬಾರದು. ಒರೆಯ ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಆರಲು ಬಿಡಬೇಕು, ನೀರು ಸುರಿಯಬಾರದು. ಚಳಿಗಾಲದಲ್ಲಿ ಚರ್ಮ ಒಣಗಿದ್ದು ಕೈ ಬೇಗ ಸ್ಪಂದಿಸದಿದ್ದರೆ, ಬಿಲ್ಲೆ ತಾಗುವ ಜಾಗಕ್ಕೆ ಒಂದು ಹನಿ ನೀರು ಸವರಿದರೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾಗಿ ಬೆವರು ಹೆಚ್ಚಾಗಿ ಒರೆ ಜಾರುತ್ತದೆ; ಆಗಾಗ ತೆಗೆದು ಒರೆಸಬೇಕು. ಮೊದಲ ದಿನ ಅರ್ಧ ಗಂಟೆ ತೊಟ್ಟು, ದಿನದಿಂದ ದಿನಕ್ಕೆ ಹೊತ್ತನ್ನು ಹೆಚ್ಚಿಸುತ್ತಾ ಹೋಗಬೇಕು. ಹೊಸ ಎತ್ತನ್ನು ನೊಗಕ್ಕೆ ಪಳಗಿಸುವಾಗ ಇರುವ ತಾಳ್ಮೆ ಇಲ್ಲಿಯೂ ಬೇಕು.

ಇರುವ ಕೈಯ ರಕ್ಷಣೆ

ರಾಶಿ ಯಂತ್ರಗಳಿಂದ ಆಗುತ್ತಿದ್ದ ಅಪಘಾತಗಳನ್ನು ಕಂಡು ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಯಂತ್ರಕ್ಕೆ ಪೈರು ಹಾಕುವ ದೋಣಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ 45 ಸೆಂಟಿಮೀಟರ್ ಮೇಲ್ಗಡೆ ಮುಚ್ಚಿರಬೇಕೆಂದು ಭಾರತೀಯ ಮಾನಕ ನಿಗದಿ ಮಾಡಿದೆ. ಕೈ ಎಷ್ಟೇ ಮುಂದೆ ಹೋದರೂ ಡ್ರಮ್ಮಿನ ಹಲ್ಲುಗಳಿಗೆ ತಲುಪದಿರಲಿ ಎಂಬುದು ಈ ಅಳತೆಯ ಉದ್ದೇಶ. ಬಾಡಿಗೆಗೆ ಬಂದ ಯಂತ್ರವಾದರೂ ಕೆಲಸ ಆರಂಭಿಸುವ ಮುನ್ನ ಒಂದು ಮೊಳಕೋಲಿನಿಂದ ಇದನ್ನು ಅಳೆದು ನೋಡಬಹುದು. ದೋಣಿ ಮೊಟಕಾಗಿದ್ದರೆ ಆ ಯಂತ್ರವನ್ನು ಕಣಕ್ಕೆ ಬಿಟ್ಟುಕೊಳ್ಳಬಾರದು.

ಸಡಿಲವಾದ ಅಂಗಿಯ ತೋಳು, ಇಳಿಬಿಟ್ಟ ಸೆರಗು, ಟವೆಲ್, ಕೈಬಳೆ ಕಡಗಗಳೊಂದಿಗೆ ಪೈರು ನೂಕಬಾರದು. ಹಸಿ ಪೈರು ಸಿಕ್ಕಿಕೊಂಡಾಗ ಯಂತ್ರ ನಿಲ್ಲಿಸದೆ ಕೈ ಹಾಕಬಾರದು. ಒಬ್ಬರೇ ಬಹಳ ಹೊತ್ತು ನೂಕದೆ ಸರದಿ ಮಾಡಿಕೊಳ್ಳಬೇಕು. ಬೆಳಕು ಸಾಲದ ರಾತ್ರಿಯಲ್ಲಿ, ಕುಡಿದವರಿಂದ, ಮಕ್ಕಳಿಂದ ಈ ಕೆಲಸ ಮಾಡಿಸಬಾರದು. ಮೇವು ಯಂತ್ರದ ಚಕ್ರಕ್ಕೆ ಕಾಪು ಇರಬೇಕು. ಕೆಲಸ ಮುಗಿದ ಮೇಲೆ ವಿದ್ಯುತ್ ತೆಗೆದು ಚಕ್ರಕ್ಕೆ ಗೂಟ ಹಾಕಬೇಕು. ವಿಸ್ತರಣಾ ಕಾರ್ಯಕರ್ತರು ರಾಶಿಯ ಕಾಲಕ್ಕೆ ಮುಂಚೆ ಊರಿನ ಯಂತ್ರಗಳನ್ನು ಒಂದೆಡೆ ತರಿಸಿ ದೋಣಿಗಳನ್ನು ಅಳೆದು ತೋರಿಸಿದರೆ ಬಹಳ ಉಪಕಾರವಾಗುತ್ತದೆ.

ಒಟ್ಟಿನಲ್ಲಿ, ಸ್ನಾಯುವಿನ ಸಂಕೇತದಿಂದ ನಡೆಯುವ ಕೈ ಒಳ್ಳೆಯ ಸಾಧನ. ಕೈ ಕಳೆದುಕೊಂಡವರಿಗೆ ಅದು ಅನೇಕ ಕೆಲಸಗಳನ್ನು ಮರಳಿ ಕೊಡುತ್ತದೆ. ಆದರೆ ಅದಕ್ಕಾಗಿ ಹೊಲ ಮಾರುವ ಮೊದಲು ಸ್ನಾಯುವಿನ ಪರೀಕ್ಷೆ ಆಗಲಿ, ಸರಳ ಕೊಕ್ಕೆಯನ್ನು ತೊಟ್ಟು ನೋಡುವುದಾಗಲಿ, ಸರ್ಕಾರದ ನೆರವಿಗೆ ಅರ್ಜಿ ಹೋಗಲಿ. ಮಾರಿದ ಹೊಲ ಮತ್ತೆ ಬರುವುದು ಕಷ್ಟ. ಆ ಹೊಲದಲ್ಲಿ ಮತ್ತೆ ದುಡಿಯಲೆಂದೇ ಅಲ್ಲವೇ ಕೈ ಬೇಕಾಗಿರುವುದು?